ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮನೆಯಿಂದ ಹೊರಟ ಇಮೇಲ್ ಯಾಕೆ ತಲುಪುವುದಿಲ್ಲ?

ಎಲ್ಲರಿಗೂ ನಮಸ್ಕಾರ. ಬ್ಲಾಕ್‌ಲಿಸ್ಟ್ ಬಗ್ಗೆ, ಅಂದರೆ ಇಂಥ ವಿಳಾಸದಿಂದ ಬರುವ ಮೇಲ್ ನಂಬಬೇಡಿ ಎನ್ನುವ ಪಟ್ಟಿಗಳ ಬಗ್ಗೆ, ಮಾತಾಡುತ್ತೇನೆ ಅಂತ ನಾನೇ ಕೇಳಿಕೊಂಡು ಬಂದಿದ್ದೇನೆ. ಯಾಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಗೆಳೆಯನ ತಾಯಿ ತೀರಿಕೊಂಡರು. ಚಿಕ್ಕಂದಿನಲ್ಲಿ ನಾನು ಅವರ ಮನೆಯಲ್ಲೇ ಅರ್ಧ ಬೆಳೆದವನು. ಫೋನ್ ಮಾಡಿದರೆ ಮಾತು ಹೊರಡುವುದಿಲ್ಲ ಅನ್ನಿಸಿತು. ಕೂತು ಒಂದು ಉದ್ದನೆಯ ಇಮೇಲ್ ಬರೆದೆ. ಅದಕ್ಕೆ ಎರಡು ರಾತ್ರಿ ಹಿಡಿಯಿತು. ಆಗ ನನ್ನ ಮೇಲ್ ಸರ್ವರ್ ನನ್ನ ಮನೆಯಲ್ಲೇ ಇತ್ತು. ಪುಸ್ತಕದ ಕಪಾಟಿನ ಮೇಲೆ, ಅಂಗೈ ಅಗಲದ ಒಂದು ಕಂಪ್ಯೂಟರ್. ಕಳಿಸಿದ ಮೇಲೆ ಲಾಗ್ ತೆರೆದು ನೋಡಿದೆ. ಆ ಕಡೆಯ ಸರ್ವರ್ 250 ಅಂತ ಉತ್ತರ ಕೊಟ್ಟಿತ್ತು. ಮೇಲ್ ಸರ್ವರ್‌ಗಳ ಮಾತಿನಲ್ಲಿ 250 ಅಂದರೆ ‘ಸರಿ, ತೆಗೆದುಕೊಂಡೆ’ ಎಂದು.

ಗೆಳೆಯನಿಂದ ಉತ್ತರ ಬರಲಿಲ್ಲ. ದುಃಖದಲ್ಲಿದ್ದಾನೆ, ಬರೆಯುವ ಮನಸ್ಸಿಲ್ಲ ಅಂದುಕೊಂಡು ಸುಮ್ಮನಿದ್ದೆ. ಐದು ತಿಂಗಳ ಮೇಲೆ ಸಿಕ್ಕಾಗ ಅವನೇ ತಗ್ಗಿದ ದನಿಯಲ್ಲಿ ಕೇಳಿದ: “ಅಮ್ಮ ಹೋದಾಗ ನೀನು ಒಂದು ಮಾತೂ ಬರೆಯಲಿಲ್ಲವಲ್ಲೋ.”

ಅವನ ಇನ್‌ಬಾಕ್ಸ್‌ನಲ್ಲಿ ನನ್ನ ಮೇಲ್ ಇರಲಿಲ್ಲ. ಸ್ಪ್ಯಾಮ್ ಫೋಲ್ಡರ್‌ನಲ್ಲೂ ಇರಲಿಲ್ಲ. ಮೂವತ್ತು ದಿನಕ್ಕೊಮ್ಮೆ ತಾನೇ ಖಾಲಿಯಾಗುವ ಫೋಲ್ಡರ್ ಅದು. ಆವತ್ತು ರಾತ್ರಿ ಮನೆಗೆ ಬಂದು ನನ್ನ ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್‌ನಲ್ಲಿ ನನ್ನ ಸಂಪರ್ಕಕ್ಕಿರುವ ಅಂಕಿಯ ವಿಳಾಸವನ್ನು, ಒಂದೊಂದೇ ಬ್ಲಾಕ್‌ಲಿಸ್ಟ್‌ನಲ್ಲಿ ಹುಡುಕಿದೆ. ಎರಡು ಕಡೆ ಸಿಕ್ಕಿತು. ಎರಡರಲ್ಲೂ ಕಾರಣ ಒಂದೇ: ಇದು ಮನೆಗೆ ಕೊಡುವ ಸಂಪರ್ಕದ ವಿಳಾಸ. ನಾನು ಸ್ಪ್ಯಾಮ್ ಕಳಿಸಿದೆ ಎಂದು ಯಾರೂ ದೂರು ಕೊಟ್ಟಿರಲಿಲ್ಲ. ನನ್ನ ಕಂಪ್ಯೂಟರ್‌ಗೆ ವೈರಸ್ ಬಡಿದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗೆ.

ಈ ಬರೆ ಯಾಕೆ ಬೀಳುತ್ತದೆ, ಅದನ್ನು ಯಾರು ಎಳೆಯುತ್ತಾರೆ, ಎಳೆಯದೆ ಇರಲು ಆಗುತ್ತದಾ ಅನ್ನುವುದು ಇವತ್ತಿನ ಮಾತು.

ಇಮೇಲ್ ಸಾಗಿಸುವ ನಿಯಮಕ್ಕೆ ಎಸ್‌ಎಂಟಿಪಿ ಎಂದು ಹೆಸರು. ಅದನ್ನು 1982ರಲ್ಲಿ ಜಾನ್ ಪೋಸ್ಟೆಲ್ ಬರೆದು ಪ್ರಕಟಿಸಿದರು. ಆ ಬರಹದಲ್ಲಿ ಮನೆಯ ಕಂಪ್ಯೂಟರ್, ಕಚೇರಿಯ ಕಂಪ್ಯೂಟರ್ ಅನ್ನುವ ಭೇದವೇ ಇಲ್ಲ. ಯಾವ ಯಂತ್ರ ಬೇಕಾದರೂ ಯಾವ ಯಂತ್ರದ ಬಾಗಿಲನ್ನಾದರೂ ತಟ್ಟಿ, ‘ನಿಮ್ಮಲ್ಲಿರುವ ಇಂಥವರಿಗೆ ಒಂದು ಕಾಗದ ಇದೆ’ ಎನ್ನಬಹುದು. ನನಗೆ ಇಮೇಲ್ ಇಷ್ಟವಾಗಲು ಇದೇ ಕಾರಣ. ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಆದರೆ ಆ ನಿಯಮದಲ್ಲಿ ನಂಬಿಕೆ ಬಿಟ್ಟರೆ ಬೇರೆ ಕಾವಲು ಇರಲಿಲ್ಲ. ಕಳಿಸಿದವರ ಹೆಸರು ಏನು ಬೇಕಾದರೂ ಬರೆಯಬಹುದಿತ್ತು. ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು ಅನ್ನುವುದನ್ನೂ ಬೇಕಾದ ಹಾಗೆ ಬರೆಯಬಹುದಿತ್ತು. ಸುಳ್ಳು ಹೇಳಲು ಕಷ್ಟವಾಗಿದ್ದು ಒಂದೇ ಒಂದು ವಿಷಯದಲ್ಲಿ: ಬಾಗಿಲು ತಟ್ಟಿದ ಯಂತ್ರದ ಐಪಿ ವಿಳಾಸ. ಯಾಕೆಂದರೆ ಮಾತು ಮುಂದುವರಿಯಬೇಕಾದರೆ ಉತ್ತರ ಆ ವಿಳಾಸಕ್ಕೇ ಹೋಗಿ ಮುಟ್ಟಬೇಕು. ಸುಳ್ಳು ವಿಳಾಸ ಕೊಟ್ಟರೆ ಉತ್ತರ ಬೇರೆ ಕಡೆ ಹೋಗಿ ಮಾತು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಸ್ಪ್ಯಾಮ್ ತಡೆಯಲು ಹೊರಟವರು ಹಿಡಿದುಕೊಂಡಿದ್ದು ಐಪಿ ವಿಳಾಸವನ್ನು. ಆಗ ಅವರ ಕೈಗೆ ಸಿಗುತ್ತಿದ್ದ ಗಟ್ಟಿ ವಿಷಯ ಅದೊಂದೇ.

1997ರಲ್ಲಿ ಪಾಲ್ ವಿಕ್ಸಿ ಇಂಥ ಮೊದಲ ಪಟ್ಟಿಯನ್ನು ಶುರು ಮಾಡಿದರು. ಅದನ್ನು ಆರ್‌ಬಿಎಲ್ ಎನ್ನುತ್ತಿದ್ದರು. ಆ ಪಟ್ಟಿಯನ್ನು ಹಂಚಲು ಬಂದ ಉಪಾಯ ನಿಜಕ್ಕೂ ಚೆನ್ನಾಗಿದೆ. ಸ್ವಲ್ಪ ಹೊತ್ತು ಅದನ್ನೇ ನೋಡೋಣ.

192.0.2.25 ಎಂಬ ವಿಳಾಸದಿಂದ ಒಂದು ಯಂತ್ರ ನಿಮ್ಮ ಸರ್ವರ್ ಬಾಗಿಲು ತಟ್ಟಿತು ಅಂದುಕೊಳ್ಳಿ. ನಿಮ್ಮ ಸರ್ವರ್ ಆ ಅಂಕಿಗಳನ್ನು ತಿರುವಿ ಹಾಕುತ್ತದೆ: 25.2.0.192. ಅದರ ಹಿಂದೆ ಪಟ್ಟಿಯ ಡೊಮೇನ್ ಹೆಸರನ್ನು ಅಂಟಿಸುತ್ತದೆ. ಈ ಉದ್ದನೆಯ ಹೆಸರಿಗೆ ವಿಳಾಸ ಏನು ಎಂದು, ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿ ಕೇಳುತ್ತದೆ. ವೆಬ್‌ಸೈಟ್ ತೆರೆಯುವಾಗ ನಿಮ್ಮ ಫೋನ್ ಕೇಳುವ ಪ್ರಶ್ನೆಯೂ ಇದೇ ಬಗೆಯದು. ‘ಇಂಥ ಹೆಸರೇ ಇಲ್ಲ’ ಎಂದು ಉತ್ತರ ಬಂದರೆ ಆ ಯಂತ್ರ ಪಟ್ಟಿಯಲ್ಲಿಲ್ಲ. 127.0.0.2 ಎಂಬಂಥ ಉತ್ತರ ಬಂದರೆ ಪಟ್ಟಿಯಲ್ಲಿದೆ. ಅಷ್ಟೇ. ಹೊಸ ಸಾಫ್ಟ್‌ವೇರ್ ಬೇಡ, ಹೊಸ ಜಾಲ ಬೇಡ. ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಇಷ್ಟು ಸುಲಭವಾದದ್ದರಿಂದಲೇ ಎಲ್ಲರೂ ಬಳಸಲು ಶುರು ಮಾಡಿದರು. ಎಷ್ಟೋ ಕಡೆ ಪಟ್ಟಿಯಲ್ಲಿ ಏನು ಬರೆದಿದೆ ಎಂದು ಓದದೆಯೇ ಬಳಸಿದರು.

ಮನೆ ಸಂಪರ್ಕದ ಮೇಲೆ ಯಾಕೆ ಕಣ್ಣು ಬಿತ್ತು? ಇದಕ್ಕೆ ಬಲವಾದ ಕಾರಣವಿದೆ, ಅದನ್ನು ಮುಚ್ಚಿಡುವುದು ತಪ್ಪು. 2003ರಲ್ಲಿ ಸೋಬಿಗ್ ಎಂಬ ಹುಳು ಮನೆಮನೆಯ ಕಂಪ್ಯೂಟರ್‌ಗಳಲ್ಲಿ ಸೇರಿಕೊಂಡಿತು. ಸೋಂಕು ತಗುಲಿದ ಯಂತ್ರಗಳನ್ನು ಬೇರೆಯವರು ದೂರದಿಂದಲೇ ಸ್ಪ್ಯಾಮ್ ಕಳಿಸಲು ಬಳಸಿದರು. ಆಮೇಲೆ ಬಂದಿದ್ದು ಹೀಗೆ ವಶವಾದ ಯಂತ್ರಗಳ ಹಿಂಡುಗಳ, ಅಂದರೆ ಬಾಟ್‌ನೆಟ್‌ಗಳ ಕಾಲ. ಮನೆಯವರಿಗೆ ಗೊತ್ತೇ ಇಲ್ಲ, ಅವರ ಕಂಪ್ಯೂಟರ್ ರಾತ್ರಿಯಿಡೀ ಸಾವಿರಾರು ಮೇಲ್ ಕಳಿಸುತ್ತಿತ್ತು. 2008ರ ನವೆಂಬರ್‌ನಲ್ಲಿ ಮೆಕೊಲೊ ಎಂಬ ಒಂದು ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಬಾಟ್‌ನೆಟ್‌ಗಳಿಗೆ ಅಪ್ಪಣೆ ಕೊಡುವ ಸರ್ವರ್‌ಗಳು ಅಲ್ಲಿದ್ದವು. ಸ್ವಲ್ಪ ಕಾಲಕ್ಕೇ ಅದು ಮತ್ತೆ ಏರಿತು ಅನ್ನಿ. ಆದರೆ ಸ್ಪ್ಯಾಮ್‌ನ ಎಷ್ಟು ದೊಡ್ಡ ಪಾಲು ವಶವಾದ ಯಂತ್ರಗಳಿಂದ ಬರುತ್ತಿತ್ತು ಅನ್ನುವುದು ಅಲ್ಲಿ ಕಂಡಿತು.

ಇನ್ನೊಂದು ತೊಡಕು, ಮನೆಯ ಐಪಿ ವಿಳಾಸ ಬದಲಾಗುತ್ತಾ ಇರುತ್ತದೆ. ಇವತ್ತು ನನ್ನದು, ನಾಳೆ ಇನ್ಯಾರದೋ. ಒಂದು ವಿಳಾಸವನ್ನು ಪಟ್ಟಿಗೆ ಹಾಕುವಷ್ಟರಲ್ಲಿ ಸೋಂಕಿನ ಕಂಪ್ಯೂಟರ್ ಬೇರೆ ವಿಳಾಸಕ್ಕೆ ಹೋಗಿರುತ್ತದೆ. ಒಂದೊಂದನ್ನೇ ಹಿಡಿಯುವ ಬದಲು, ಮನೆಗಳಿಗೆ ಹಂಚುವ ವಿಳಾಸಗಳ ಇಡೀ ಸಾಲನ್ನೇ ಪಟ್ಟಿಗೆ ಹಾಕಿಬಿಟ್ಟರೆ? ಡಯಲ್‌ಅಪ್ ಕಾಲದಿಂದಲೇ ಇಂಥ ಪಟ್ಟಿಗಳಿವೆ.

ಇಲ್ಲಿ ನಿಂತು ನೋಡಬೇಕಾದ ಒಂದು ಗೆರೆ ಇದೆ. ಬ್ಲಾಕ್‌ಲಿಸ್ಟ್‌ಗಳಲ್ಲಿ ಎರಡು ಜಾತಿ. ಒಂದು, ಮಾಡಿದ್ದಕ್ಕೆ ಹಾಕುವ ಪಟ್ಟಿ. ಇನ್ನೊಂದು, ಇರುವ ಜಾಗಕ್ಕೆ ಹಾಕುವ ಪಟ್ಟಿ. ಸ್ಪ್ಯಾಮ್‌ಹಾಸ್ ಸಂಸ್ಥೆಯನ್ನೇ ತೆಗೆದುಕೊಳ್ಳಿ. ಸ್ಟೀವ್ ಲಿನ್‌ಫೋರ್ಡ್ 1998ರಲ್ಲಿ ಕಟ್ಟಿದ್ದು. ಅವರ ಎಸ್‌ಬಿಎಲ್ ಪಟ್ಟಿಯಲ್ಲಿ ಸ್ಪ್ಯಾಮ್ ಕಳಿಸುವವರು ಇರುತ್ತಾರೆ. ಎಕ್ಸ್‌ಬಿಎಲ್‌ನಲ್ಲಿ ಸೋಂಕು ತಗುಲಿದ ಯಂತ್ರಗಳು ಇರುತ್ತವೆ. 2007ರಿಂದ ಇರುವ ಪಿಬಿಎಲ್ ಬೇರೆಯೇ. ನೇರವಾಗಿ ಬೇರೆಯವರ ಸರ್ವರ್‌ಗೆ ಮೇಲ್ ಕಳಿಸಬಾರದ ವಿಳಾಸಗಳ ಪಟ್ಟಿ ಅದು. ಎಷ್ಟೋ ಸಾಲುಗಳನ್ನು ಇಂಟರ್ನೆಟ್ ಕಂಪನಿಗಳೇ ತಾವಾಗಿ ಸೇರಿಸಿರುತ್ತವೆ. ಪಿಬಿಎಲ್‌ನಲ್ಲಿದ್ದ ಮಾತ್ರಕ್ಕೆ ತಪ್ಪು ಮಾಡಿದ್ದೀರಿ ಎಂದಲ್ಲ ಅನ್ನುವುದನ್ನು ಆ ಸಂಸ್ಥೆಯೇ ಸ್ಪಷ್ಟವಾಗಿ ಹೇಳುತ್ತದೆ. ಉತ್ತರದ ಅಂಕಿಯೂ ಬೇರೆ: ಎಸ್‌ಬಿಎಲ್‌ಗೆ 127.0.0.2, ಪಿಬಿಎಲ್‌ಗೆ 127.0.0.10 ಅಥವಾ 127.0.0.11.

ಆದರೆ ಈ ಎಲ್ಲ ಪಟ್ಟಿಗಳನ್ನೂ ಸೇರಿಸಿ ಝೆನ್ ಎಂಬ ಒಂದೇ ಹೆಸರಿನಲ್ಲಿ ಕೇಳಬಹುದು. ಅನುಕೂಲವೇ. ಹಾಗೆ ಕೇಳುವ ಎಷ್ಟೋ ಸರ್ವರ್‌ಗಳು ಉತ್ತರದ ಕೊನೆಯ ಅಂಕಿಯನ್ನು ನೋಡುವುದೇ ಇಲ್ಲ. ಏನೋ ಒಂದು ಉತ್ತರ ಬಂತಾ, ಬಾಗಿಲು ಹಾಕು. ‘ಇವನು ಕಳ್ಳ’ ಅನ್ನುವುದೂ ‘ಇವನು ಮನೆಯಲ್ಲಿ ವಾಸಿಸುತ್ತಾನೆ’ ಅನ್ನುವುದೂ ಅಲ್ಲಿ ಒಂದೇ ಆಗಿಬಿಡುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಪಟ್ಟಿ ಯಾರನ್ನೂ ತಡೆಯುವುದಿಲ್ಲ, ಕೇಳಿದವರಿಗೆ ಉತ್ತರ ಕೊಡುತ್ತದೆ ಅಷ್ಟೇ. ತಡೆಯುವುದು ಮೇಲ್ ತೆಗೆದುಕೊಳ್ಳುವ ಸರ್ವರ್. ಅದನ್ನು ನಡೆಸುವ ಒಬ್ಬ ಮನುಷ್ಯ ಎಂದೋ ಒಂದು ದಿನ ಒಂದು ಸಾಲು ಬರೆದಿರುತ್ತಾನೆ. ಆಮೇಲೆ ಮರೆತಿರುತ್ತಾನೆ.

ಆ ಮರೆವು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಡೆದದ್ದೇ ಹೇಳುತ್ತೇನೆ. ಒಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆದರೂ ಎಷ್ಟೋ ಸರ್ವರ್‌ಗಳು ಅದನ್ನು ಕೇಳುತ್ತಲೇ ಇದ್ದವು. 2008ರ ಮಾರ್ಚ್‌ನಲ್ಲಿ ಅದು ಯಾವ ವಿಳಾಸ ಕೇಳಿದರೂ ‘ಪಟ್ಟಿಯಲ್ಲಿದೆ’ ಎಂದು ಹೇಳಲು ಶುರು ಮಾಡಿತು. ಕೇಳುವುದನ್ನು ನಿಲ್ಲಿಸಲಿ ಎಂದು. ಆವತ್ತು ಆ ಸರ್ವರ್‌ಗಳಿಗೆ ಇಡೀ ಜಗತ್ತೇ ಸ್ಪ್ಯಾಮ್ ಆಗಿ ಕಂಡಿತು. ಇವತ್ತೂ ಇಂಥದ್ದೇ ಒಂದು ನಡೆಯುತ್ತದೆ. ಎಲ್ಲರಿಗೂ ತೆರೆದಿರುವ ದೊಡ್ಡ ಡಿಎನ್‌ಎಸ್ ಸೇವೆಗಳ ಮೂಲಕ ಕೇಳಿದರೆ ಸ್ಪ್ಯಾಮ್‌ಹಾಸ್ 127.255.255.254 ಎಂದು ಉತ್ತರಿಸುತ್ತದೆ. ‘ಹೀಗೆ ಕೇಳಬೇಡಿ, ಇದು ತಪ್ಪು ದಾರಿ’ ಎಂದು ಅದರ ಅರ್ಥ. ಅಂಕಿ ನೋಡದ ಸರ್ವರ್ ಅದನ್ನೂ ‘ಪಟ್ಟಿಯಲ್ಲಿದೆ’ ಎಂದೇ ಓದಿ ಬಂದವರನ್ನೆಲ್ಲ ವಾಪಸ್ ಕಳಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ನನ್ನಂತೆ ಮನೆಯಲ್ಲಿ ಸರ್ವರ್ ಇಟ್ಟವರ ಕಷ್ಟ. ನಾವು ಕೆಲವೇ ಜನ. ಆದರೆ ಸರ್ವರ್ ಇಡದವರಿಗೂ ಇದೇ ಏಟು ಬೀಳುತ್ತದೆ. ಎರಡು ಬಗೆ ನಾನೇ ನೋಡಿದ್ದೇನೆ.

ಒಂದು ಕಡೆ, ಸಣ್ಣ ಸಂಸ್ಥೆಯೊಂದರ ಸರ್ವರ್ ತನ್ನದೇ ನೌಕರರನ್ನು ತಡೆಯುತ್ತಿತ್ತು. ಅವರು ಮನೆಯಿಂದ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಿ ಮೇಲ್ ಕಳಿಸಲು ನೋಡುತ್ತಿದ್ದರು. ಸರ್ವರ್ ಪಾಸ್‌ವರ್ಡ್ ಕೇಳುವ ಮೊದಲೇ ಬ್ಲಾಕ್‌ಲಿಸ್ಟ್ ನೋಡಿ, ಮನೆಯ ವಿಳಾಸ ಅಂತ ಹೊರಗೆ ನೂಕುತ್ತಿತ್ತು. ಕೆಲಸದಲ್ಲಿರುವವರ ಮನೆಯ ವಿಳಾಸ ಮನೆಯದೇ ಆಗಿರುತ್ತದೆ, ಅಲ್ವಾ? ಎರಡು ಸಾಲನ್ನು ಮೇಲೆ ಕೆಳಗೆ ಮಾಡಿದರೆ ಸರಿಹೋಗುವ ತಪ್ಪು. ಆರು ವಾರ ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಪ್ರತಿ ಮೇಲ್‌ನ ತಲೆಯಲ್ಲಿ ಅದು ಬಂದ ದಾರಿ ಸಾಲುಸಾಲಾಗಿ ಬರೆದಿರುತ್ತದೆ. ನೀವು ಮನೆಯಿಂದ ನಿಮ್ಮ ಮೇಲ್ ಕಂಪನಿಗೆ ಲಾಗಿನ್ ಆಗಿ ಕಳಿಸಿದರೆ, ಎಷ್ಟೋ ಸಲ ಮೊದಲ ಸಾಲಿನಲ್ಲಿ ನಿಮ್ಮ ಮನೆಯ ಐಪಿ ವಿಳಾಸ ಇರುತ್ತದೆ. ಪಿಬಿಎಲ್ ನೋಡಬೇಕಾದದ್ದು ಕೊನೆಯಲ್ಲಿ ಬಾಗಿಲು ತಟ್ಟಿದ ಯಂತ್ರಕ್ಕೆ ಮಾತ್ರ. ಕೆಲವು ಫಿಲ್ಟರ್‌ಗಳು ದಾರಿಯಲ್ಲಿರುವ ಎಲ್ಲ ವಿಳಾಸಗಳನ್ನೂ ಕೆದಕಿ ನೋಡುತ್ತವೆ. ಹಾಗೆ ನೋಡಿದರೆ ಮನೆಯಲ್ಲಿ ಕೂತು ಮೇಲ್ ಬರೆಯುವವರೆಲ್ಲ ಸಿಕ್ಕಿಬೀಳುತ್ತಾರೆ.

ಈಗ ವಿಳಾಸದ ಬರವೂ ಸೇರಿದೆ. ಮೇಲೆ ನೋಡಿದಂಥ ನಾಲ್ಕು ಅಂಕಿಯ ವಿಳಾಸಗಳು, ಅಂದರೆ ಐಪಿವಿ4 ವಿಳಾಸಗಳು, ಒಟ್ಟು ಸುಮಾರು 430 ಕೋಟಿ. ಅವು ಸಾಲದೆ ಹಲವು ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಒಂದು ಮನೆಯ ಹಳೆಯ ಫೋನ್‌ಗೆ ಸೋಂಕು ತಗುಲಿದರೆ ವಿಳಾಸ ಪಟ್ಟಿಗೆ ಬೀಳುತ್ತದೆ, ಉಳಿದ ಮನೆಗಳೂ ಜೊತೆಗೆ. ಇನ್ನೂ ಮುಂದೆ ಹೋಗುವವರೂ ಇದ್ದಾರೆ. ಯುಸಿಇಪ್ರೊಟೆಕ್ಟ್ ಎಂಬ ಪಟ್ಟಿಯ ಮೂರನೇ ಹಂತ ಒಂದು ಕಂಪನಿಯ ಇಡೀ ಜಾಲವನ್ನೇ ಒಟ್ಟಿಗೆ ಸೇರಿಸುತ್ತದೆ. ಇದನ್ನು ನೋಡಿ ನೇರವಾಗಿ ಮೇಲ್ ತಿರಸ್ಕರಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಹಾಗಾದರೆ ಮನೆಯಿಂದ ಮೇಲ್ ಹೋಗದಿದ್ದರೆ ಏನು ಮಾಡುವುದು? ಮೊದಲು ವಾಪಸ್ ಬಂದ ಮೇಲ್ ಅನ್ನು ಪೂರ್ತಿ ಓದಿ. ‘ತೆಗೆದುಕೊಳ್ಳಲಾರೆ’ ಎನ್ನುವ 550 ಎಂಬ ಅಂಕಿಯ ಪಕ್ಕದಲ್ಲಿ ಸಾಮಾನ್ಯವಾಗಿ ಪಟ್ಟಿಯ ಹೆಸರು ಇರುತ್ತದೆ. ಯಾವ ಜಾತಿಯ ಪಟ್ಟಿ ಅನ್ನುವುದು ಗೊತ್ತಾಗಬೇಕು. ಎಕ್ಸ್‌ಬಿಎಲ್‌ನಲ್ಲಿ ಇದ್ದರೆ ಹೆಸರು ತೆಗೆಸಲು ಓಡಬೇಡಿ. ಮನೆಯಲ್ಲಿ ನಿಜವಾಗಿಯೂ ಏನೋ ಕೆಟ್ಟಿರಬಹುದು. ರೌಟರ್, ಹಳೆಯ ಫೋನ್, ಟಿವಿಗೆ ಸಿಕ್ಕಿಸಿದ ಪೆಟ್ಟಿಗೆ, ಕ್ಯಾಮೆರಾ ಎಲ್ಲವನ್ನೂ ನೋಡಿ. ಪಿಬಿಎಲ್‌ನಲ್ಲಿ ಇದ್ದು ನಿಮ್ಮ ವಿಳಾಸ ಬದಲಾಗದ್ದಾದರೆ ತೆಗೆಯಲು ಕೇಳಿಕೊಳ್ಳಬಹುದು. ಅದಕ್ಕೂ ಮೊದಲು ರಿವರ್ಸ್ ಡಿಎನ್‌ಎಸ್ ಸರಿಯಿರಬೇಕು. ಅಂದರೆ ನಿಮ್ಮ ಐಪಿಗೆ ನಿಮ್ಮ ಸರ್ವರ್ ಹೆಸರು ಬರಬೇಕು, ಆ ಹೆಸರಿಗೆ ಮತ್ತೆ ಅದೇ ಐಪಿ ಬರಬೇಕು. ಇದನ್ನು ಇಂಟರ್ನೆಟ್ ಕಂಪನಿಯೇ ಮಾಡಿಕೊಡಬೇಕು, ಮನೆ ಸಂಪರ್ಕಕ್ಕೆ ಮಾಡಿಕೊಡುವವರು ಕಡಿಮೆ. ಹಲವರು ಮೇಲ್ ಹೊರಡುವ ಬಾಗಿಲಾದ 25ನೇ ಪೋರ್ಟನ್ನೇ ಮುಚ್ಚಿರುತ್ತಾರೆ.

ನಾನು ಈಗ ಮಾಡುವುದು ಇಷ್ಟು. ಬರುವ ಮೇಲ್ ಮನೆಯ ಸರ್ವರ್‌ಗೇ ಬರುತ್ತದೆ. ಬ್ಲಾಕ್‌ಲಿಸ್ಟ್‌ಗೂ ಅದಕ್ಕೂ ಸಂಬಂಧವಿಲ್ಲ. ಹೋಗುವ ಮೇಲ್ 587ನೇ ಪೋರ್ಟ್‌ನಲ್ಲಿ, ಪಾಸ್‌ವರ್ಡ್ ಕೊಟ್ಟು, ನನ್ನ ಮೇಲ್ ಅನ್ನು ಮುಂದಕ್ಕೆ ಸಾಗಿಸುವ ಒಂದು ರಿಲೇ ಸರ್ವರ್ ಮೂಲಕ ಹೋಗುತ್ತದೆ. ಈ ದಾರಿಯನ್ನು 1998ರಲ್ಲೇ ನಿಯಮ ಮಾಡಿದ್ದಾರೆ, ಹೊಸದಲ್ಲ. ಕೆಲಸ ನಡೆಯುತ್ತದೆ. ಆದರೆ ನನಗೆ ಇದರಲ್ಲಿ ಪೂರ್ತಿ ಸಮಾಧಾನವಿಲ್ಲ. ಯಾರ ಅಪ್ಪಣೆಯೂ ಬೇಡ ಅನ್ನುವ ಆ ಹಳೆಯ ಮಾತು ಇಲ್ಲಿ ಮುರಿದಿದೆ. ನನ್ನ ಕಾಗದ ಈಗ ಇನ್ನೊಬ್ಬರ ಕೈಯಿಂದ ಹಾದು ಹೋಗಬೇಕು. ಅದೇ ರಿಲೇ ಬಳಸುವ ಇನ್ಯಾರೋ ಸ್ಪ್ಯಾಮ್ ಕಳಿಸಿದರೆ ಅದರ ಹೆಸರು ಕೆಟ್ಟು ನನ್ನ ಮೇಲ್ ಕೂಡ ನಿಲ್ಲುತ್ತದೆ.

ಐಪಿ ಹಿಡಿಯದೆ ಕಳಿಸಿದವರನ್ನು ಗುರುತಿಸಲು ಈಗ ದಾರಿಗಳಿವೆ. 1997ರಲ್ಲಿ ಇರಲಿಲ್ಲ. ಡಿಕೆಐಎಂನಲ್ಲಿ ಡೊಮೇನ್ ಮಾಲೀಕರು ಪ್ರತಿ ಮೇಲ್‌ಗೂ ಗಣಿತದ ಸಹಿ ಹಾಕುತ್ತಾರೆ. ಆ ಸಹಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಎಸ್‌ಪಿಎಫ್‌ನಲ್ಲಿ, ನನ್ನ ಹೆಸರಿನಲ್ಲಿ ಕಳಿಸಬಹುದಾದ ಯಂತ್ರಗಳು ಇವು ಎಂದು ಡೊಮೇನ್ ಮಾಲೀಕರೇ ಸಾರುತ್ತಾರೆ. ಡಿಮಾರ್ಕ್ ಇವೆರಡನ್ನೂ ಬರೆದವರ ಹೆಸರಿಗೆ ಜೋಡಿಸುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್, ತನ್ನ ಬಳಕೆದಾರರಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಂದ ಈ ಮೂರನ್ನೂ ಕೇಳುತ್ತಿದೆ. ಯಾಹೂ ಕೂಡ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಇದೇ ನಿಯಮ ಹಾಕಿದೆ. ಸಹಿ ಹಾಕಿದ ಮಾತ್ರಕ್ಕೆ ಒಳ್ಳೆಯವರು ಎಂದಲ್ಲ, ಸ್ಪ್ಯಾಮ್ ಕಳಿಸುವವರೂ ಸಹಿ ಹಾಕುತ್ತಾರೆ. ಆದರೆ ಹೆಸರು ಗಟ್ಟಿಯಾದರೆ ನಡತೆಯನ್ನು ಆ ಹೆಸರಿಗೆ ಬರೆಯಬಹುದು. ಒಂದು ಡೊಮೇನ್ ಹತ್ತು ವರ್ಷ ಸಹಿ ಹಾಕಿ, ದಿನಕ್ಕೆ ನಾಲ್ಕು ಮೇಲ್ ಕಳಿಸಿ, ಒಂದು ದೂರೂ ಇಲ್ಲದಿದ್ದರೆ, ಅದರ ತಂತಿ ಮನೆಗೆ ಹೋಗುತ್ತದಾ ಕಚೇರಿಗೆ ಹೋಗುತ್ತದಾ ಅನ್ನುವುದಕ್ಕೆ ಎಷ್ಟು ಬೆಲೆ ಕೊಡಬೇಕು? ಸ್ವಲ್ಪ ಕೊಡಿ. ಮೇಲ್‌ಗೆ ಫಿಲ್ಟರ್ ಕೊಡುವ ಅಂಕದಲ್ಲಿ ಒಂದೆರಡು ಕಳೆಯಿರಿ. ತೀರ್ಪನ್ನೇ ಅದಕ್ಕೆ ಒಪ್ಪಿಸಬೇಡಿ.

ಈಗ ಆ 250ಕ್ಕೆ ವಾಪಸ್ ಬರುತ್ತೇನೆ. ಎಸ್‌ಎಂಟಿಪಿಯ ಈಗಿನ ನಿಯಮ ಪುಸ್ತಕ 2008ರದ್ದು. ‘ತೆಗೆದುಕೊಂಡೆ’ ಎಂದು ಹೇಳಿದ ಸರ್ವರ್ ಆ ಮೇಲ್‌ನ ಹೊಣೆಯನ್ನೂ ಹೊತ್ತಿದೆ ಎಂದು ಅದರಲ್ಲಿದೆ. ಮುಟ್ಟಿಸಬೇಕು, ಇಲ್ಲವೇ ಮುಟ್ಟಿಸಲಾಗಲಿಲ್ಲ ಎಂದು ತಿಳಿಸಬೇಕು. ಬೇಡವಾದ ಮೇಲ್ ಅನ್ನು ಬಾಗಿಲಲ್ಲೇ 550 ಹೇಳಿ, ಕಾರಣ ಹೇಳಿ ವಾಪಸ್ ಕಳಿಸಬಹುದು. ಅನುಮಾನವಿದ್ದರೆ ‘ಆಮೇಲೆ ಬಾ’ ಎನ್ನಬಹುದು. ಸರಿಯಾದ ಸರ್ವರ್ ಮತ್ತೆ ಬರುತ್ತದೆ. ಒಳಗೆ ಕರೆದುಕೊಂಡು ಸದ್ದಿಲ್ಲದೆ ಎಸೆಯುವುದು ಮಾತ್ರ ಬೇರೆ ಬಗೆಯದು. ಆವತ್ತು ನನಗೆ 550 ಬಂದಿದ್ದರೆ ಐದೇ ನಿಮಿಷದಲ್ಲಿ ಬೇರೆ ದಾರಿಯಲ್ಲಿ ಕಳಿಸುತ್ತಿದ್ದೆ, ಇಲ್ಲ ಎದ್ದು ಹೋಗುತ್ತಿದ್ದೆ. ನನಗೆ ‘ಸರಿ’ ಎಂದರು, ಅವನಿಗೆ ಏನೂ ಹೇಳಲಿಲ್ಲ. ನನ್ನ ಸೆಂಟ್ ಫೋಲ್ಡರ್‌ನಲ್ಲಿ ಆ ಕಾಗದ ಹಾಗೇ ಇತ್ತು. ಮಾರನೆಯ ದಿನ ಹೋಗಿ ಫೋನ್ ತೆರೆದು ಅವನ ಕೈಗೆ ಕೊಟ್ಟೆ. ಅವನು ನಿಂತಲ್ಲೇ ಓದಿದ. ಆ ಐದು ತಿಂಗಳನ್ನು ನಾನು ಅವನಿಗೆ ವಾಪಸ್ ಕೊಡಲಾರೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: “ಇಷ್ಟೆಲ್ಲ ಯಾಕೆ ಸಾರ್? ದೊಡ್ಡ ಕಂಪನಿಯ ಮೇಲ್ ಬಳಸಿದರೆ ಆಗುವುದಿಲ್ವಾ?” ಆಗುತ್ತದೆ. ಹೆಚ್ಚಿನವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಎಲ್ಲರೂ ನಾಲ್ಕೈದು ಕಂಪನಿಗಳೊಳಗೆ ಸೇರಿಕೊಂಡರೆ, ಹೊರಗಿನಿಂದ ಬಂದ ಮೇಲ್ ಅನ್ನು ಸರಿಯಾಗಿ ನೋಡಬೇಕಾದ ಅಗತ್ಯವೇ ಆ ಕಂಪನಿಗಳಿಗೆ ಉಳಿಯುವುದಿಲ್ಲ. ಸಣ್ಣ ಸರ್ವರ್‌ಗಳು ಇನ್ನೂ ಇರುವುದರಿಂದಲೇ ಇಮೇಲ್ ಇನ್ನೂ ಎಲ್ಲರದ್ದಾಗಿದೆ.

ಇನ್ನೊಬ್ಬರು ಒಂದು ಸಂಸ್ಥೆಯ ಮೇಲ್ ಸರ್ವರ್ ನೋಡಿಕೊಳ್ಳುವವರು. ನಾಳೆ ಬೆಳಿಗ್ಗೆ ಹೋಗಿ ಏನು ನೋಡಲಿ ಎಂದರು. ಈ ಪ್ರಶ್ನೆ ನನಗೆ ತುಂಬಾ ಖುಷಿ ಕೊಟ್ಟಿತು. ನೀವು ಕೇಳುವ ಪ್ರತಿ ಪಟ್ಟಿಯನ್ನೂ ಪರೀಕ್ಷಿಸಿ ಎಂದೆ. ಪರೀಕ್ಷೆಗೆಂದೇ 127.0.0.2 ಎಂಬ ವಿಳಾಸ ಪಟ್ಟಿಯಲ್ಲಿದೆಯಾ ಎಂದು ಕೇಳಿದರೆ ‘ಇದೆ’ ಎನ್ನಬೇಕು, 127.0.0.1 ಎಂದು ಕೇಳಿದರೆ ‘ಇಲ್ಲ’ ಎನ್ನಬೇಕು. ಹಾಗೆ ಹೇಳದ ಪಟ್ಟಿಯನ್ನು ಕೂಡಲೇ ತೆಗೆದುಹಾಕಿ. ಲಾಗಿನ್ ಆದವರಿಗೆ ಬ್ಲಾಕ್‌ಲಿಸ್ಟ್ ನೋಡದಂತೆ ಮಾಡಿ. ಆಮೇಲೆ ಪೋಸ್ಟ್‌ಮಾಸ್ಟರ್ ವಿಳಾಸ. ಪ್ರತಿ ಡೊಮೇನ್‌ನಲ್ಲೂ ಆ ಹೆಸರಿಗೆ ಬಂದ ಮೇಲ್ ತೆಗೆದುಕೊಳ್ಳಬೇಕು ಅನ್ನುವುದು ನಿಯಮ. ಅದಕ್ಕೂ ಬ್ಲಾಕ್‌ಲಿಸ್ಟ್ ಹಾಕಿದ್ದರೆ, ತಪ್ಪಾಗಿ ಸಿಕ್ಕಿಬಿದ್ದವರು ನಿಮಗೆ ಹೇಳುವುದಾದರೂ ಹೇಗೆ? ಅದೊಂದು ಬಾಗಿಲನ್ನು ತೆರೆದಿಡಿ, ವಾರಕ್ಕೊಮ್ಮೆ ಯಾರಾದರೂ ಅದನ್ನು ಕೂತು ಓದಲಿ ಎಂದೆ. ಅವರು ಅಲ್ಲೇ ಫೋನ್ ತೆಗೆದು ತಮ್ಮ ಪೋಸ್ಟ್‌ಮಾಸ್ಟರ್ ವಿಳಾಸಕ್ಕೆ ಒಂದು ಮೇಲ್ ಕಳಿಸಿ ನೋಡಿದರು. ಅದು ವಾಪಸ್ ಬಂತು.